ರಾತ್ರಿ ಮಗುವಿಗಾಗಿ ಏಳುವವರ ಸಂಬಳವನ್ನು ಹೇಗೆ ಲೆಕ್ಕ ಹಾಕಬೇಕು?

ಬನಶಂಕರಿಯ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 7 ತಿಂಗಳು. 26 ವಾರಗಳ ಹೆರಿಗೆ ರಜೆ ಮುಗಿದು ನಾನು ಕಚೇರಿಗೆ ಹಿಂದಿರುಗುವುದಕ್ಕೆ ಸ್ವಲ್ಪ ಮೊದಲು, ಅಂದರೆ ಈಗ್ಗೆ ಒಂಬತ್ತು ವಾರಗಳ ಹಿಂದೆ, ಹಾವೇರಿ ಜಿಲ್ಲೆಯ ಒಬ್ಬ ಅಕ್ಕ ನಮ್ಮ ಮನೆಯಲ್ಲೇ ಉಳಿದು ಮಗುವನ್ನು ನೋಡಿಕೊಳ್ಳಲು ಬಂದರು. ಏಜೆನ್ಸಿಯವರು "24 ಗಂಟೆಯ ಕೆಲಸ, ತಿಂಗಳಿಗೆ 24,000 ರೂಪಾಯಿ, ಊಟ ವಸತಿ ನಿಮ್ಮದು" ಎಂದು ಮಾತು ಮುಗಿಸಿ, ತಮ್ಮ ಕಮಿಷನ್ ತೆಗೆದುಕೊಂಡು ಹೋದರು. ಆ "24 ಗಂಟೆ" ಎಂಬ ಮಾತನ್ನು ನಾವು ಯಾರೂ ಬಿಡಿಸಿ ನೋಡಲಿಲ್ಲ.

ಕಳೆದ ಮಂಗಳವಾರ ರಾತ್ರಿ ಮೂರು ಗಂಟೆಯ ಸುಮಾರಿಗೆ ನೀರು ಕುಡಿಯಲು ಎದ್ದೆ. ಹಾಲ್‌ನಲ್ಲಿ ದೀಪ ಹಾಕಿರಲಿಲ್ಲ. ಅಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು, ಹಣೆಯನ್ನು ಕಿಟಕಿಯ ಸರಳಿಗೆ ಆನಿಸಿ, ಕಣ್ಣು ಮುಚ್ಚಿಕೊಂಡೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದರು. ಮಗು ನಿದ್ದೆ ಮಾಡಿತ್ತು. ಅವರ ಕೈ ಮಾತ್ರ ಅದರ ಬೆನ್ನನ್ನು ತಟ್ಟುತ್ತಲೇ ಇತ್ತು. ಬೆಳಿಗ್ಗೆ ಆರೂವರೆಗೆ ನಾನು ಅಡುಗೆಮನೆಗೆ ಬಂದಾಗ ಅವರು ಸ್ನಾನ ಮುಗಿಸಿ ರಾಗಿ ಸರಿ ಕಾಯಿಸುತ್ತಿದ್ದರು. ಎಷ್ಟು ಸಲ ಎದ್ದಿರಿ ಎಂದು ಕೇಳಿದರೆ "ನಾಕ್ ಸಲ ಇರಬೇಕ್ರೀ ಅಕ್ಕಾರ, ಹಲ್ಲು ಬರಾಕತ್ತಾವಲ್ಲ" ಎಂದರು. ಅದರಲ್ಲಿ ದೂರು ಇರಲಿಲ್ಲ. ನನಗೆ ಮಾತ್ರ ಅಂದಿನಿಂದ ಸಮಾಧಾನವಿಲ್ಲ.

ಮನೆಯಲ್ಲಿ ಈ ವಿಷಯ ಎತ್ತಿದೆ. ಅತ್ತೆಯವರು, ಅವರು ನಮ್ಮ ಮನೆಯವರ ಹಾಗೆಯೇ ಇದ್ದಾರೆ, ಊಟ ತಿಂಡಿ ನಮ್ಮ ಜೊತೆಯೇ ಆಗುತ್ತದೆ, ಇನ್ನು ಎಷ್ಟು ಕೊಡಬೇಕು ಎನ್ನುತ್ತಾರೆ. ನನ್ನ ಗಂಡ, ಮೊದಲೇ 24 ಗಂಟೆ ಎಂದು ಒಪ್ಪಿಕೊಂಡಿದ್ದಾರಲ್ಲ ಎನ್ನುತ್ತಾರೆ. ಹಗಲು ಬೆಳಿಗ್ಗೆ ಆರೂವರೆಯಿಂದ ರಾತ್ರಿ ಎಂಟೂವರೆಯ ತನಕ ಕೆಲಸ, ನಡುವೆ ಊಟಕ್ಕೂ ಮಗು ಮಲಗಿದಾಗಿನ ಬಿಡುವಿಗೂ ಸೇರಿ ಮೂರು ಗಂಟೆ ಸಿಗಬಹುದು. ರಾತ್ರಿ ಸರಾಸರಿ ನಾಲ್ಕು ಸಲ ಎಚ್ಚರ, ಪ್ರತಿ ಸಲ ಮುಕ್ಕಾಲು ಗಂಟೆ. ರಾತ್ರಿಗೆ ನ್ಯಾಯವಾದ ಸಂಬಳ ಎಷ್ಟು, ಅದನ್ನು ಯಾವ ರೀತಿಯಲ್ಲಿ ಲೆಕ್ಕ ಹಾಕಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಲೆಕ್ಕಪತ್ರ

ನೀವು ಗಂಟೆಗಳನ್ನು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ಲೆಕ್ಕ ಕಷ್ಟವಲ್ಲ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಎಂದು ಹಿಡಿದರೆ 208 ಗಂಟೆಗಳಾಗುತ್ತವೆ, 24,000 ರೂಪಾಯಿ ಗಂಟೆಗೆ 115 ರೂಪಾಯಿಯ ಆಸುಪಾಸಿಗೆ ಬರುತ್ತದೆ. ಆದರೆ ಅವರು ನಿಜವಾಗಿ ದುಡಿಯುತ್ತಿರುವುದು ಹಗಲು 11 ಗಂಟೆ, ರಾತ್ರಿ 3 ಗಂಟೆ, ಒಟ್ಟು 14. ಆಗ ತಿಂಗಳಿಗೆ 364 ಗಂಟೆಗಳಾಗಿ, ಗಂಟೆಗೆ ಬೀಳುವುದು ಸುಮಾರು 66 ರೂಪಾಯಿ. ನಿಮ್ಮ ಏಜೆನ್ಸಿಯವರ ಮಾತಿನಂತೆ 24 ಗಂಟೆಯೂ ಅವರು ನಿಮ್ಮ ಸುಪರ್ದಿನಲ್ಲಿದ್ದಾರೆ ಎಂದು ಎಣಿಸಿದರೆ, ಗಂಟೆಗೆ 38 ರೂಪಾಯಿ ಚಿಲ್ಲರೆ. ತಿಂಗಳಿಗೆ ನಾಲ್ಕಕ್ಕಿಂತ ಕಡಿಮೆ ರಜೆ ಇದ್ದರೆ ಇದು ಇನ್ನೂ ಇಳಿಯುತ್ತದೆ.

ಈಗ ಇದನ್ನೇ ತಿರುಗಿಸಿ ನೋಡಿ. 24,000 ಎಂಬುದು 8 ಗಂಟೆಯ ಸಂಬಳ, ಉಳಿದ 6 ಗಂಟೆ ಹೆಚ್ಚುವರಿ ಕೆಲಸ, ಅದಕ್ಕೆ ಕಾರ್ಖಾನೆಯಲ್ಲಿ ಕೊಡುವ ಹಾಗೆ ಎರಡು ಪಟ್ಟು ಓಟಿ ಎಂದು ಹಿಡಿದರೆ, ಹೆಚ್ಚುವರಿಯೇ ತಿಂಗಳಿಗೆ 36,000 ರೂಪಾಯಿ, ಒಟ್ಟು 60,000 ಆಗುತ್ತದೆ. ನೀವು ಇಷ್ಟು ಕೊಡಲೇಬೇಕು ಎಂದು ಹೇಳುತ್ತಿಲ್ಲ. ಸಂಬಳ ಮಾತಾಡುವಾಗ ಯಾರೂ ಗಂಟೆಯನ್ನು ಮಾತಾಡದೆ ಇದ್ದುದರ ಬೆಲೆ ಎಷ್ಟು ದೊಡ್ಡದು, ಅದನ್ನು ಇಷ್ಟು ದಿನ ಯಾರು ತೆರುತ್ತಿದ್ದರು ಎಂಬುದು ಈ ಅಂಕಿಯಿಂದ ಕಾಣುತ್ತದೆ.

ಒಂದು ಮಾತು ಮಾತ್ರ ಖಚಿತವಾಗಿ ಹೇಳಬಲ್ಲೆ. ರಾತ್ರಿಯನ್ನು ಹಗಲಿನ ಸಂಬಳದೊಳಗೆ ಸೇರಿಸಿ ಒಂದೇ ಮೊತ್ತ ಮಾಡಬೇಡಿ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಬೇರೆಯಾಗಿ ಬರೆಯದ ಕೆಲಸವು ತಾನಾಗಿಯೇ ಉಚಿತ ಕೆಲಸವಾಗಿಬಿಡುತ್ತದೆ.

ಎರಡು ಮಕ್ಕಳ ತಂದೆ

ನನ್ನ ಮಾತು ಕೆಲವರಿಗೆ ಹಿಡಿಸದೆ ಇರಬಹುದು, ಆದರೂ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ. ತಿಂಗಳಿಗೆ 60,000 ರೂಪಾಯಿ ಎಂದರೆ ಬೆಂಗಳೂರಿನಲ್ಲಿ ಎಷ್ಟೋ ಮನೆಗಳಲ್ಲಿ ತಾಯಿಯ ಇಡೀ ಸಂಬಳ. ಅಷ್ಟು ಕೊಡಬೇಕು ಎಂದಾದರೆ ಆಕೆ ಕೆಲಸ ಬಿಡುವುದೇ ಮೇಲು ಎಂಬ ಮಾತು ಮನೆಯಲ್ಲಿ ಹುಟ್ಟುತ್ತದೆ, ಮಗುವನ್ನು ನೋಡಿಕೊಳ್ಳುವವರಿಗೂ ಕೆಲಸ ಹೋಗುತ್ತದೆ. ಊಟ ಮತ್ತು ವಸತಿಗೂ ಬೆಲೆ ಇದೆಯಲ್ಲವೇ? ಈ ಊರಿನಲ್ಲಿ ಒಂದು ಕೋಣೆಯ ಬಾಡಿಗೆ, ಮೂರು ಹೊತ್ತಿನ ಊಟ, ಕರೆಂಟು ನೀರು ಸೇರಿದರೆ ಹತ್ತು ಸಾವಿರಕ್ಕೆ ಕಡಿಮೆ ಆಗುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ನನ್ನ ಮಕ್ಕಳಿಬ್ಬರನ್ನೂ ನೋಡಿಕೊಂಡ ಆಂಟಿ ಆರು ವರ್ಷ ನಮ್ಮಲ್ಲಿದ್ದರು. ಮಗು ಅತ್ತಾಗ ಅವರು ಗಡಿಯಾರ ನೋಡಿ ಎದ್ದವರಲ್ಲ. ಪ್ರತಿ ಎಚ್ಚರಕ್ಕೂ ಇಂತಿಷ್ಟು ಎಂದು ಲೆಕ್ಕ ಇಟ್ಟರೆ ಆ ಅಂತಃಕರಣ ಉಳಿಯುತ್ತದೆಯೇ? ರಾತ್ರಿ ನಾವೂ ಎದ್ದಿದ್ದೇವೆ, ನಮಗೂ ಯಾರೂ ಕೊಟ್ಟಿಲ್ಲ. ನನಗೆ ಉತ್ತರ ಗೊತ್ತಿಲ್ಲದೆಯೇ ಕೇಳುತ್ತಿದ್ದೇನೆ.

ತೊಟ್ಟಿಲ ಹಗ್ಗ

ಮೇಲೆ ಬರೆದಿರುವ ಅಣ್ಣನವರಿಗೆ ನಾನೇ ಉತ್ತರ ಹೇಳಬೇಕು ಎನಿಸಿತು, ಏಕೆಂದರೆ ನನ್ನ ಅವ್ವ ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡಿದವಳು. ನಾವು ರಾಯಚೂರು ಜಿಲ್ಲೆಯವರು. ಮಳೆ ಹೋದ ಒಂದು ವರ್ಷ ಅವಳು ನನ್ನನ್ನೂ ತಮ್ಮನನ್ನೂ ಅಜ್ಜಿಯ ಬಳಿ ಬಿಟ್ಟು ಬಂದಳು. ಆಗ ನನ್ನ ತಮ್ಮನಿಗೆ ಎರಡೂವರೆ ವರ್ಷ. ಅವನು ರಾತ್ರಿ ಅತ್ತಾಗ ಎದ್ದವಳು ಅಜ್ಜಿ. ಅವ್ವ ಎದ್ದದ್ದು ಇನ್ನೊಂದು ಮನೆಯ ಮಗುವಿಗೆ.

ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ಒಮ್ಮೆ ಆ ಮನೆಯಲ್ಲಿ ಅವಳ ಜೊತೆ ನಾಲ್ಕು ದಿನ ಇದ್ದೆ. ಮನೆಯವರು ಒಳ್ಳೆಯವರು, ನನಗೂ ಊಟ ಹಾಕಿದರು, ಒಂದು ಜೊತೆ ಬಟ್ಟೆ ಕೊಡಿಸಿದರು. ಅವ್ವ ಮಗುವಿನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗುತ್ತಿದ್ದಳು. ತೊಟ್ಟಿಲಿಗೆ ಒಂದು ನೂಲಿನ ಹಗ್ಗ ಕಟ್ಟಿ ಅದರ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಮಗು ಮಿಸುಕಿದರೆ ಸಾಕು, ಏಳದೆಯೇ ಕಾಲು ಆಡಿಸುತ್ತಿದ್ದಳು, ತೊಟ್ಟಿಲು ತೂಗುತ್ತಿತ್ತು. ನಾನು ಪಕ್ಕದಲ್ಲಿ ಮಲಗಿ ಅದನ್ನೇ ನೋಡುತ್ತಿದ್ದೆ. ಅವಳು ನಿದ್ದೆಯಲ್ಲಿದ್ದಾಳೋ ಎಚ್ಚರದಲ್ಲಿದ್ದಾಳೋ ತಿಳಿಯುತ್ತಿರಲಿಲ್ಲ. ಇಂದು ಅವಳಿಗೆ ಅರವತ್ತು ದಾಟಿದೆ, ಊರಿನಲ್ಲಿ ಸ್ವಂತ ಮನೆಯಿದೆ, ಆದರೂ ರಾತ್ರಿ ಒಂದಕ್ಕೆ, ನಾಲ್ಕಕ್ಕೆ ಎಚ್ಚರವಾಗುತ್ತದೆ. "ನಿದ್ದಿ ಒಂದ ಕಣ್ಣಿಂದಷ್ಟ ಮಾಡಿ ರೂಢಿ ಆಗೇತವ್ವಾ" ಎನ್ನುತ್ತಾಳೆ.

ಅಣ್ಣನವರೇ, ನೀವು ಹೇಳಿದ ಅಂತಃಕರಣ ಸುಳ್ಳಲ್ಲ. ಆ ಮಗುವಿನ ಮದುವೆಗೆ ಕರೆ ಬಂದಾಗ ಅವ್ವ ಬಸ್ಸು ಹತ್ತಿ ಹೋಗಿ ಬಂದಳು. ಆದರೆ ಅಂತಃಕರಣವು ಸಂಬಳದ ಬದಲಿಗೆ ಇರುವ ವಸ್ತುವಲ್ಲ. ನೀವು ರಾತ್ರಿ ಎದ್ದದ್ದು ನಿಮ್ಮ ಮಗುವಿಗೆ, ನಿಮ್ಮ ಮನೆಯಲ್ಲಿ. ಅವ್ವನಿಗೆ ಬೇಡ ಎನಿಸಿದ ರಾತ್ರಿ ಏಳದೆ ಇರುವ ಅವಕಾಶ ಇರಲಿಲ್ಲ. ಅದು ಕೆಲಸ. ವಸತಿಯ ಮಾತಿಗೆ ಬಂದರೆ, ಅವಳು ಆ ಮನೆಯಲ್ಲಿ ಮಲಗುತ್ತಿದ್ದುದು ಅವಳಿಗೆ ಬೇರೆ ಜಾಗ ಇಲ್ಲದುದರಿಂದಲ್ಲ, ಮಗುವಿನ ಪಕ್ಕದಲ್ಲಿ ಒಬ್ಬರು ಬೇಕಾಗಿದ್ದುದರಿಂದ. ಕಾವಲುಗಾರನು ಗೇಟಿನ ಬಳಿಯ ಗೂಡಿನಲ್ಲಿ ಕುಳಿತರೆ ಅವನಿಂದ ಯಾರೂ ಬಾಡಿಗೆ ಹಿಡಿಯುವುದಿಲ್ಲ.

ರಾತ್ರಿ ಪಾಳಿಯ ಶುಶ್ರೂಷಕಿ

ನಾನು ಇಪ್ಪತ್ತೆರಡು ವರ್ಷಗಳಿಂದ ನರ್ಸ್ ಆಗಿದ್ದೇನೆ, ಅದರಲ್ಲಿ ಒಂಬತ್ತು ವರ್ಷ ನವಜಾತ ಶಿಶುಗಳ ವಾರ್ಡಿನಲ್ಲಿ. ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡಿದವರನ್ನು ಮರುದಿನ ಬೆಳಿಗ್ಗೆ ಮತ್ತೆ ಡ್ಯೂಟಿಗೆ ನಿಲ್ಲಿಸುವುದಿಲ್ಲ. ಮನೆಗೆ ಹೋಗಿ ಮಲಗಲಿ ಎಂದೇ ಪಾಳಿ ಇರುವುದು. ಮನೆಯಲ್ಲಿ ಉಳಿದು ಮಗು ನೋಡಿಕೊಳ್ಳುವವರಿಗೆ ಹಗಲಿನ ಪಾಳಿ, ರಾತ್ರಿಯ ಪಾಳಿ, ಮತ್ತೆ ಹಗಲಿನ ಪಾಳಿ ಒಂದರ ಹಿಂದೆ ಒಂದು ಬರುತ್ತದೆ, ನಡುವೆ ಮನೆಗೆ ಹೋಗುವುದೇ ಇಲ್ಲ.

ಹುಟ್ಟಿದ ಮಗು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ, ಅಂದರೆ ರಾತ್ರಿಯಲ್ಲೂ ಎರಡು ಮೂರು ಗಂಟೆಗೊಮ್ಮೆ. ಏಳು ತಿಂಗಳ ಮಗುವಿಗೆ ಹಾಲಿನ ಅಗತ್ಯ ಕಡಿಮೆಯಾದರೂ ಹಲ್ಲು, ನೆಗಡಿ, ಹೊಸ ಆಹಾರ ಎಂದು ಎಚ್ಚರವಾಗುವುದು ಇದ್ದದ್ದೇ. ಮಲಗುವ ಹೊತ್ತು ಎಂಟು ಗಂಟೆ ಎಂದು ಹಿಡಿದರೆ, ನೀವು ಹೇಳಿದ ಲೆಕ್ಕದಂತೆ ಅದರಲ್ಲಿ ಮೂರು ಗಂಟೆ ಎದ್ದಿದ್ದು ಉಳಿದ ಐದು ಗಂಟೆ ಅವರು ಮಲಗಿದರು ಎಂದು ತಿಳಿಯಬೇಡಿ. ಪ್ರತಿ ಸಲ ಮಲಗಿದ ಮೇಲೆ ನಿದ್ದೆ ಹತ್ತಲು ಹೊತ್ತು ಬೇಕು, ಗಾಢ ನಿದ್ದೆಗೆ ಇಳಿಯುವಷ್ಟರಲ್ಲಿ ಮತ್ತೆ ಅಳು. ನಾಲ್ಕು ತುಂಡಾದ ಐದು ಗಂಟೆಯ ನಿದ್ದೆ ಒಂದೇ ಸಮನಾದ ಐದು ಗಂಟೆಯ ನಿದ್ದೆಗೆ ಸಮವಲ್ಲ.

ಮಗುವಿನ ದೃಷ್ಟಿಯಿಂದಲೂ ಒಂದು ಮಾತು. ಬಹಳ ದಣಿದವರು ಮಗುವನ್ನು ಎತ್ತಿಕೊಂಡು ಸೋಫಾದಲ್ಲೋ ಆರಾಮ ಕುರ್ಚಿಯಲ್ಲೋ ಕುಳಿತು ಹಾಗೆಯೇ ನಿದ್ದೆ ಹೋಗುವುದು ಶಿಶುಗಳಿಗೆ ಅತ್ಯಂತ ಅಪಾಯಕಾರಿ ಸ್ಥಿತಿಗಳಲ್ಲಿ ಒಂದು. ಉಸಿರುಕಟ್ಟುವ ಸಾಧ್ಯತೆ ಇರುತ್ತದೆ. ನಿಮ್ಮ ಮನೆಯ ಅಕ್ಕ ನಿಂತೇ ಇದ್ದರು ಎಂದು ಓದಿದಾಗ, ಕುಳಿತರೆ ನಿದ್ದೆ ಬಂದೀತು ಎಂಬ ಭಯದಿಂದ ನಿಂತಿದ್ದರೇನೋ ಎನಿಸಿತು. ಸಂಬಳ ಹೆಚ್ಚಿಸಿ ಗಂಟೆಗಳನ್ನು ಹಾಗೆಯೇ ಬಿಟ್ಟರೆ ಈ ಅಪಾಯ ತಪ್ಪುವುದಿಲ್ಲ. ದುಡ್ಡಿನ ಜೊತೆಗೆ ಮರುದಿನದ ವಿಶ್ರಾಂತಿಯನ್ನೂ ಬರೆದಿಡಿ.

ಎಡಿಸನ್ ಕನ್ನಡಿತಿ

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ನಮ್ಮವರ ಮನೆಗಳಲ್ಲೂ ಇದೇ ಪ್ರಶ್ನೆ ಇದೆ. ಅಮೆರಿಕದ ಕೇಂದ್ರ ಕಾನೂನು ಮನೆಯಲ್ಲೇ ಉಳಿಯುವವರಿಗೆ ಎಲ್ಲ ರಕ್ಷಣೆಯನ್ನೂ ಕೊಡುತ್ತದೆ ಎಂದು ತಿಳಿಯಬಾರದು. ಮನೆಯವರೇ ನೇರವಾಗಿ ನೇಮಿಸಿಕೊಂಡಿದ್ದರೆ ಕೇಂದ್ರ ಕಾನೂನಿನ ಪ್ರಕಾರ ಓವರ್‌ಟೈಮ್ ಕೊಡುವ ಹೊಣೆ ಇಲ್ಲ. ಆದರೆ ದುಡಿದ ಪ್ರತಿ ಗಂಟೆಗೂ ಕನಿಷ್ಠ ವೇತನ ಬರಲೇಬೇಕು. ಯಾವುದನ್ನು ದುಡಿದ ಗಂಟೆ ಎನ್ನಬೇಕು ಎಂಬುದಕ್ಕೆ ನಿದ್ದೆಯ ಬಗ್ಗೆಯೇ ನಿಯಮವಿದೆ, ನಿಮಗೆ ಉಪಯೋಗವಾಗುವುದು ಅದೇ.

ಆ ನಿಯಮದ ಸಾರ ಇಷ್ಟು. ಮೊದಲೇ ಇಬ್ಬರೂ ಒಪ್ಪಿಕೊಂಡಿದ್ದು, ಮಲಗಲು ಸರಿಯಾದ ಜಾಗ ಕೊಟ್ಟಿದ್ದು, ಸಾಮಾನ್ಯವಾಗಿ ಅಡಚಣೆಯಿಲ್ಲದ ನಿದ್ದೆ ಸಿಗುವಂತಿದ್ದರೆ, ರಾತ್ರಿಯ ಗರಿಷ್ಠ ಎಂಟು ಗಂಟೆಯನ್ನು ಕೆಲಸದ ಲೆಕ್ಕದಿಂದ ಬಿಡಬಹುದು. ನಡುವೆ ಕೆಲಸಕ್ಕೆ ಎಬ್ಬಿಸಿದರೆ ಎದ್ದಿದ್ದ ಅಷ್ಟೂ ಹೊತ್ತಿಗೆ ಸಂಬಳ ಕೊಡಬೇಕು. ಎಚ್ಚರಗಳು ಹೆಚ್ಚಾಗಿ ಐದು ಗಂಟೆಯ ನಿದ್ದೆಯೂ ಸಿಗದೆ ಹೋದರೆ, ಆ ಇಡೀ ಎಂಟು ಗಂಟೆಯೂ ಕೆಲಸವೇ.

ನಮ್ಮ ಮನೆಯಲ್ಲಿ ಮಗ ಹುಟ್ಟಿದಾಗ, 2024ರ ಬೇಸಿಗೆಯಲ್ಲಿ, ನ್ಯೂಜೆರ್ಸಿಯ ಮನೆಗೆಲಸದವರ ಹಕ್ಕುಗಳ ಕಾನೂನು ಆಗಷ್ಟೇ ಜಾರಿಗೆ ಬಂದಿತ್ತು. ಲಿಖಿತ ಒಪ್ಪಂದ ಕಡ್ಡಾಯವಾದ್ದರಿಂದ ಕುಳಿತು ಬರೆಯಬೇಕಾಯಿತು. ಬರೆಯಲು ಕುಳಿತಾಗಲೇ ನಮಗೆ ರಾತ್ರಿಯೆಂದರೆ ಎಷ್ಟರಿಂದ ಎಷ್ಟರವರೆಗೆ ಎಂಬುದೇ ಗೊತ್ತಿಲ್ಲ ಎಂದು ತಿಳಿದದ್ದು. ಐದು ಗಂಟೆಯ ಆ ಗೆರೆಯನ್ನು ಬೆಂಗಳೂರಿನಲ್ಲೂ ಯಾರು ಬೇಕಾದರೂ ತಮ್ಮ ಮನೆಯ ಮಟ್ಟಿಗೆ ಒಪ್ಪಿಕೊಳ್ಳಬಹುದು, ಅದಕ್ಕೆ ಶಾಸನಸಭೆ ಬೇಕಿಲ್ಲ.

ಲಂಡನ್ನಿನಿಂದ

ಎಲ್ಲ ದೇಶಗಳೂ ಒಂದೇ ಕಡೆಗೆ ವಾಲಿಲ್ಲ ಎಂಬುದನ್ನೂ ಸೇರಿಸಬೇಕು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ, ಆರೈಕೆ ಕೆಲಸದವರು ಕರೆದರೆ ಏಳಬೇಕು ಎಂಬ ಷರತ್ತಿನ ಮೇಲೆ ಮಲಗುವ ಪಾಳಿಯಲ್ಲಿ, ಎಚ್ಚರವಿದ್ದು ಕೆಲಸ ಮಾಡಿದ ಹೊತ್ತಿಗೆ ಮಾತ್ರ ಕನಿಷ್ಠ ವೇತನ ಸಲ್ಲುತ್ತದೆ ಎಂದು ತೀರ್ಪು ಕೊಟ್ಟಿತು. ಅದನ್ನು ಓದಿ ಇಲ್ಲಿ ಬಹಳ ಮಂದಿ ನೊಂದುಕೊಂಡರು. ಇನ್ನೊಂದು ಕಡೆ, ಮನೆಯಲ್ಲಿ ಉಳಿದು ಕುಟುಂಬದವರಂತೆ ಇರುವವರಿಗೆ ಕನಿಷ್ಠ ವೇತನ ಬೇಕಿಲ್ಲ ಎಂಬ ಹಳೆಯ ವಿನಾಯಿತಿಯನ್ನು 2024ರ ಏಪ್ರಿಲ್ 1ರಿಂದ ತೆಗೆದುಹಾಕಲಾಯಿತು. "ಮನೆಯವರ ಹಾಗೆ" ಎಂಬ ಮಾತು ಇಲ್ಲಿ ದಶಕಗಳ ಕಾಲ ಕಾನೂನಿನಲ್ಲೇ ಇತ್ತು, ಅದರ ನೆರಳಿನಲ್ಲಿ ಕಡಿಮೆ ಸಂಬಳಕ್ಕೆ ದುಡಿದವರು ಎಷ್ಟೋ ಮಂದಿ.

ಹಳೆಯ ಕಾರ್ಮಿಕ ವಕೀಲ

ನಮ್ಮ ಕಾನೂನಿನ ಸ್ಥಿತಿಯನ್ನು ತಿಳಿಸುವುದು ನನ್ನ ಕರ್ತವ್ಯ ಎಂದುಕೊಂಡು ಬರೆಯುತ್ತಿದ್ದೇನೆ. ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, 2004ರಲ್ಲೇ ಅಧಿಸೂಚನೆ ಬಂತು. ಅದಕ್ಕಾಗಿ ಬೀದಿಗಿಳಿದ ಬೆಂಗಳೂರಿನ ಹೆಂಗಸರ ಸಂಘಟನೆಗಳನ್ನು ನೆನೆಯಬೇಕು. ಆದರೆ ಕಾಗದದ ಮೇಲಿನ ವೇತನ ಮನೆಯ ಹೊಸ್ತಿಲು ದಾಟುವುದು ಕಷ್ಟ. ಕಾರ್ಖಾನೆಗೆ ಹೋಗುವ ಹಾಗೆ ಇನ್ಸ್‌ಪೆಕ್ಟರು ಯಾರದೋ ಮಲಗುವ ಕೋಣೆಗೆ ಹೋಗಿ ಹಾಜರಿ ಪುಸ್ತಕ ನೋಡುವಂತಿಲ್ಲ. ನೋಡಲು ಅಲ್ಲಿ ಪುಸ್ತಕವೂ ಇರುವುದಿಲ್ಲ.

2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ಹೆಚ್ಚುವರಿ ಗಂಟೆಗೆ ಸಾಮಾನ್ಯ ವೇತನದ ಎರಡು ಪಟ್ಟಿಗೆ ಕಡಿಮೆಯಿಲ್ಲದಂತೆ ಕೊಡಬೇಕು ಎಂದಿದೆ. ಒಂದು ಕುಟುಂಬದ ಮನೆಯನ್ನು ಆ ಸಂಹಿತೆ ಹೇಳುವ ಅರ್ಥದಲ್ಲಿ ಕೆಲಸದ ಸ್ಥಳ ಎನ್ನಬಹುದೇ ಎಂಬುದರ ಮೇಲೆ ವಾದಕ್ಕೆ ಎಡೆಯಿದೆ, ಆದ್ದರಿಂದ ಅದನ್ನೇ ನಂಬಿಕೊಂಡು ಕುಳಿತುಕೊಳ್ಳಿ ಎಂದು ಯಾವ ಕೆಲಸದವರಿಗೂ ನಾನು ಹೇಳಲಾರೆ. 2025ರ ಜನವರಿ 29ರಂದು ಸುಪ್ರೀಂ ಕೋರ್ಟ್ ಮನೆಗೆಲಸದವರಿಗೆ ಪ್ರತ್ಯೇಕ ಕಾನೂನಿನ ಚೌಕಟ್ಟು ಬೇಕೇ ಎಂದು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ನಮ್ಮ ರಾಜ್ಯ ಸರ್ಕಾರವೂ ಅದೇ ವರ್ಷ ಗೃಹಕಾರ್ಮಿಕರ ಸಾಮಾಜಿಕ ಭದ್ರತೆಯ ಕರಡು ಮಸೂದೆಯನ್ನು ಹೊರತಂದಿತು, ಅದರಲ್ಲಿ ನೋಂದಣಿ, ಲಿಖಿತ ಒಪ್ಪಂದ, ಕಲ್ಯಾಣ ನಿಧಿಯ ಮಾತುಗಳಿವೆ.

ರಾತ್ರಿಯ ವಿಷಯದಲ್ಲಿ ನನಗೆ ಅತ್ಯಂತ ನ್ಯಾಯವಾಗಿ ಕಾಣುವುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರ ಜೂನ್ 16ರಂದು ಅಂಗೀಕರಿಸಿದ 189ನೆಯ ಒಡಂಬಡಿಕೆ. ಕೆಲಸದವರು ತಮ್ಮ ಹೊತ್ತನ್ನು ತಮ್ಮ ಇಷ್ಟದಂತೆ ಕಳೆಯಲಾಗದೆ, ಮನೆಯವರು ಕರೆದರೆ ಓಗೊಡಲು ಸಿದ್ಧರಿರಬೇಕಾದ ಸಮಯವನ್ನು, ಆಯಾ ದೇಶದ ಕಾನೂನು ನಿಗದಿಪಡಿಸುವ ಮಟ್ಟಿಗೆ ಕೆಲಸದ ಸಮಯವೆಂದೇ ಎಣಿಸಬೇಕು ಎನ್ನುತ್ತದೆ ಅದರ ಹತ್ತನೆಯ ವಿಧಿ. ವಾರಕ್ಕೊಮ್ಮೆ ಎಡೆಬಿಡದ 24 ಗಂಟೆಯ ವಿಶ್ರಾಂತಿಯನ್ನೂ ಹೇಳುತ್ತದೆ. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಒಂದು ಮನೆಯ ಒಪ್ಪಂದಕ್ಕೆ ಆ ಅನುಮೋದನೆಗಾಗಿ ಕಾಯಬೇಕಾಗಿಲ್ಲ. ಎರಡು ಪ್ರತಿ ಮಾಡಿ, ಕನ್ನಡದಲ್ಲಿ ಬರೆಯಿರಿ, ಅವರಿಗೆ ಓದಲು ಬಾರದಿದ್ದರೆ ಅವರು ನಂಬುವ ಯಾರಾದರೊಬ್ಬರಿಂದ ಓದಿಸಿ, ನೀವೇ ಓದಿ ಹೇಳಬೇಡಿ. ಸಂಬಳವನ್ನು ಅವರದೇ ಬ್ಯಾಂಕ್ ಖಾತೆಗೆ ಹಾಕಿ, ಏಜೆನ್ಸಿಯ ಕೈಗೆ ಕೊಡಬೇಡಿ.

ಎರಡು ಮಕ್ಕಳ ತಂದೆ

ಕಾವಲುಗಾರನ ಗೂಡಿನ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ. ಬಾಡಿಗೆಯ ವಾದವನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಿನ್ನೆ ನಮ್ಮ ಆಂಟಿಗೆ ಫೋನ್ ಮಾಡಿ, ಆ ಆರು ವರ್ಷದಲ್ಲಿ ರಾತ್ರಿಯ ವಿಷಯ ಒಮ್ಮೆಯೂ ಏಕೆ ಕೇಳಲಿಲ್ಲ ಎಂದೆ. "ಕೇಳಿದ್ರೆ ಬೇರೆಯವರನ್ನ ನೋಡ್ಕೋತೀರೇನೋ ಅಂತ ಭಯ ಇತ್ತು ಸಾರ್" ಎಂದರು. ನಾನು ಅಂತಃಕರಣ ಎಂದುಕೊಂಡಿದ್ದರಲ್ಲಿ ಎಷ್ಟು ಪಾಲು ಆ ಭಯವಿತ್ತೋ ಈಗ ತಿಳಿಯುವುದಿಲ್ಲ. ಆದರೂ ನನ್ನ ಇನ್ನೊಂದು ಪ್ರಶ್ನೆ ಉಳಿದೇ ಇದೆ. ಅಷ್ಟು ಕೊಡಲು ಕೈಲಾಗದ ಮನೆಯವರು ಏನು ಮಾಡಬೇಕು?

ಲೆಕ್ಕಪತ್ರ

ಕೊಳ್ಳಲು ಆಗದಷ್ಟು ರಾತ್ರಿಗಳನ್ನು ಕೊಳ್ಳಬಾರದು. ವಾರದ ಏಳು ರಾತ್ರಿಯಲ್ಲಿ ಎರಡಕ್ಕೆ ಮಾತ್ರ ಕೊಡಲು ಶಕ್ತಿಯಿದ್ದರೆ ಎರಡನ್ನು ಕೇಳಿ, ಐದನ್ನು ತಂದೆ ತಾಯಿ ಹಂಚಿಕೊಳ್ಳಲಿ. ಇದರಲ್ಲಿ ಕೆಲಸದವರಿಗೆ ನಷ್ಟವಿಲ್ಲ, ಹಗಲಿನ ಸಂಬಳ ಹಾಗೆಯೇ ಇರುತ್ತದೆ, ನಿದ್ದೆ ಹಿಂದಿರುಗುತ್ತದೆ.

ಬನಶಂಕರಿಯ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ನಾನು, ನನ್ನ ಗಂಡ, ಅಕ್ಕ ಮೂವರೂ ಊಟದ ಮೇಜಿನ ಬಳಿ ಕುಳಿತೆವು. ಅಕ್ಕ ಮೊದಲು ಕುರ್ಚಿಯಲ್ಲಿ ಕೂರಲು ಒಪ್ಪಲಿಲ್ಲ. ಕೆಲಸದಿಂದ ಬಿಡಿಸುತ್ತಾರೆ ಎಂದು ಹೆದರಿದ್ದರು ಎಂಬುದು ಆಮೇಲೆ ತಿಳಿಯಿತು.

ಒಂಬತ್ತು ವಾರದಲ್ಲಿ ಎಷ್ಟು ಸಲ ಎದ್ದಿರಬಹುದು ಎಂದು ಅಂದಾಜು ಮಾಡಲು ಹೊರಟೆವು. ಅಕ್ಕ ಎದ್ದು ಅಡುಗೆಮನೆಗೆ ಹೋಗಿ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರನ್ನು ತೆಗೆದುಕೊಂಡು ಬಂದರು. ಪ್ರತಿ ತಾರೀಖಿನ ಚೌಕದ ಮೂಲೆಯಲ್ಲಿ ಪೆನ್ಸಿಲಿನ ಸಣ್ಣ ಗೆರೆಗಳಿದ್ದವು. ನಾನು ಇಷ್ಟು ದಿನವೂ ಅದನ್ನು ಹಾಲಿನ ಪ್ಯಾಕೆಟ್ಟಿನ ಲೆಕ್ಕ ಎಂದುಕೊಂಡಿದ್ದೆ. ಡಾಕ್ಟರು ಕೇಳಿದರೆ ಮಗು ಎಷ್ಟು ಸಲ ಎದ್ದಿತ್ತು ಎಂದು ಹೇಳಬೇಕಲ್ಲ ಎಂದು ಅವರು ಮೊದಲ ರಾತ್ರಿಯಿಂದಲೂ ಎದ್ದ ಪ್ರತಿ ಸಲ ಒಂದು ಗೆರೆ ಎಳೆದಿದ್ದರಂತೆ. ಊರಿಗೆ ಹೋಗಿದ್ದ ರಾತ್ರಿಗಳನ್ನು ಬಿಟ್ಟರೆ 54 ರಾತ್ರಿ, 171 ಗೆರೆ. ನನ್ನ ಗಂಡ ಅವನ್ನು ಎರಡು ಸಲ ಎಣಿಸಿದರು. ಆಮೇಲೆ "ಒಪ್ಪಿಕೊಂಡಿದ್ದಾರಲ್ಲ" ಎಂಬ ಮಾತು ಅವರ ಬಾಯಿಂದ ಬರಲಿಲ್ಲ.

ನಾವು ಬರೆದುಕೊಂಡಿರುವುದು ಹೀಗಿದೆ. 24,000 ರೂಪಾಯಿ ಹಗಲಿನ ಸಂಬಳ ಮಾತ್ರ, ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ, ಮಧ್ಯಾಹ್ನ ಎರಡು ಗಂಟೆ ಪೂರ್ತಿ ಅವರದು. ಭಾನುವಾರದಿಂದ ಬುಧವಾರದವರೆಗೆ ನಾಲ್ಕು ರಾತ್ರಿ ಅವರು ಮಗುವಿನ ಬಳಿ ಮಲಗುತ್ತಾರೆ, ಮಗು ಎದ್ದರೂ ಏಳದಿದ್ದರೂ ರಾತ್ರಿಗೆ 700 ರೂಪಾಯಿ. ಐದು ಗಂಟೆಯ ನಿದ್ದೆ ಸಿಗದ ರಾತ್ರಿಗೆ 300 ರೂಪಾಯಿ ಹೆಚ್ಚು, ಮರುದಿನ ಕೆಲಸ ಹತ್ತು ಗಂಟೆಯಿಂದ ಶುರು, ನಡುವಿನ ಹೊತ್ತಿಗೆ ನಾನು ಅಥವಾ ನನ್ನ ಗಂಡ ಕಚೇರಿಗೆ ತಡವಾಗಿ ಹೋಗುತ್ತೇವೆ. ಗುರುವಾರ, ಶುಕ್ರವಾರ, ಶನಿವಾರದ ರಾತ್ರಿಗಳು ನಮ್ಮವು. ಶನಿವಾರ ಸಂಜೆ ಏಳರಿಂದ ಭಾನುವಾರ ಸಂಜೆ ಏಳರವರೆಗೆ ವಾರದ ರಜೆ. ರಾತ್ರಿಯ ಭತ್ಯೆ ತಿಂಗಳಿಗೆ ಸುಮಾರು 12,000 ಆಗುತ್ತದೆ, ನಮ್ಮ ಕೈಲಾಗುವುದು ಇಷ್ಟು, ಉಳಿದ ರಾತ್ರಿಗಳನ್ನು ಕೇಳುವ ಹಕ್ಕು ನಮಗಿಲ್ಲ. ಹಿಂದಿನ 54 ರಾತ್ರಿಗಳಿಗೂ ಅದೇ 700ರಂತೆ 37,800 ರೂಪಾಯಿಯನ್ನು ಮೂರು ಕಂತಿನಲ್ಲಿ ಅವರ ಖಾತೆಗೆ ಹಾಕುತ್ತೇವೆ. ಕಾಗದವನ್ನು ಅವರು ಫೋಟೊ ತೆಗೆದು ಊರಿನಲ್ಲಿ ಪಿಯುಸಿ ಓದುತ್ತಿರುವ ಮಗನಿಗೆ ಕಳಿಸಿ, ಅವನಿಂದ ಫೋನಿನಲ್ಲಿ ಓದಿಸಿಕೊಂಡು ಸಹಿ ಮಾಡಿದರು.

ಅವರಾಗಿ ಸೇರಿಸಲು ಹೇಳಿದ್ದು ಒಂದೇ. ನಮ್ಮ ರಾತ್ರಿಗಳಲ್ಲಿ ಅವರು ಮಗುವಿನ ಕೋಣೆಯಲ್ಲಿ ಮಲಗದೆ, ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬೇಕು. "ಅಳು ಕೇಳಿದ್ರ ನಂಗ ಎದ್ದ ಬರ್ತೈತ್ರೀ" ಎಂದರು. ಆ ಕೋಣೆಯಲ್ಲಿ ತುಂಬಿದ್ದ ಹಳೆಯ ಸಾಮಾನನ್ನು ನಿನ್ನೆ ತೆರವು ಮಾಡಿ ಮಂಚ ಹಾಕಿಸಿದೆವು, ಫ್ಯಾನು ನಾಳೆ ಬರುತ್ತದೆ.

ತೊಟ್ಟಿಲ ಹಗ್ಗ

ಅಕ್ಕಾ, ಓದಿ ಅವ್ವನಿಗೆ ಹೇಳಿದೆ. ಅವಳು ಒಂದು ಪ್ರಶ್ನೆ ಕೇಳಿದಳು, ಅದನ್ನೇ ಇಲ್ಲಿ ಇಡುತ್ತೇನೆ. ಜಾತ್ರೆಗೋ ಹಬ್ಬಕ್ಕೋ ಊರಿಗೆ ಹೋದಾಗ ಆ ದಿನಗಳ ಸಂಬಳ ಮುರಿಯುತ್ತೀರಾ? ಮುರಿಯುವುದಿಲ್ಲ ಎಂದರೆ ರಾತ್ರಿಯ ದುಡ್ಡೂ ಅದರಲ್ಲಿ ಸೇರುತ್ತದೆಯೇ? ಅವಳಿಗೆ ಯಾವಾಗಲೂ ಅಲ್ಲೇ ಕೈ ಕಚ್ಚುತ್ತಿತ್ತಂತೆ.

ಬನಶಂಕರಿಯ ತಾಯಿ

ಅದನ್ನು ನಾವು ಬರೆದಿರಲಿಲ್ಲ. ನಿಮ್ಮ ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ. ಇಂದು ಸಂಜೆ ಎರಡೂ ಪ್ರತಿಗಳಲ್ಲಿ ಸೇರಿಸುತ್ತೇನೆ: ವರ್ಷಕ್ಕೆ ಹದಿನೈದು ದಿನ ಸಂಬಳ ಸಹಿತ ರಜೆ, ಆ ದಿನಗಳಲ್ಲಿ ಬರುವ ಅವರ ಪಾಲಿನ ರಾತ್ರಿಗಳಿಗೂ 700 ರೂಪಾಯಿ. ಹಬ್ಬದ ಬೋನಸ್ಸನ್ನೂ 24,000ದ ಮೇಲೆ ಲೆಕ್ಕ ಹಾಕದೆ ರಾತ್ರಿಯ ಭತ್ಯೆ ಸೇರಿದ ಮೊತ್ತದ ಮೇಲೆ ಕೊಡುತ್ತೇವೆ. ಅವರ ಊರಿನ ಜಾತ್ರೆ ಯಾವಾಗ ಎಂದು ಈಗಷ್ಟೇ ಕೇಳಿದೆ, ಮುಂದಿನ ತಿಂಗಳಂತೆ.